ಕ್ರಿಸ್‌ಮಸ್ ಕಾರ್ಡು ಕಳುಹಿಸುವುದು ಹೇಗೆ: ಬ್ರಿಟನ್ನಿನ ಕನ್ನಡ ಮನೆಗಳಿಗೊಂದು ಕೈಪಿಡಿ

ನವೆಂಬರ್ ಮುಗಿಯುತ್ತ ಬಂದಂತೆ ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪಕ್ಕದ ಮನೆಯವರು, ಮಗುವಿನ ಸಹಪಾಠಿಗಳು, ಕಚೇರಿಯ ಒಡನಾಡಿಗಳು ಕ್ರಿಸ್‌ಮಸ್ ಕಾರ್ಡು ಕೊಡುತ್ತಾರೆ, ನಾವೂ ಕೊಡಬೇಕೇ? ವಾಟ್ಸಾಪಿನಲ್ಲಿ ಒಂದು ಚಿತ್ರ ಕಳುಹಿಸಿದರೆ ಸಾಲದೇ? ಈ ಪದ್ಧತಿಯೇ ಮರೆಯಾಗುತ್ತಿದೆ ಎನ್ನುತ್ತಾರಲ್ಲ, ಹಾಗಿರುವಾಗ ಈಗ ಹೊಸದಾಗಿ ಅದನ್ನು ಕಲಿಯುವುದರಲ್ಲಿ ಅರ್ಥವಿದೆಯೇ? ನನ್ನ ಉತ್ತರ ಹೀಗಿದೆ: ಡಜನ್ನುಗಟ್ಟಲೆ ಕಾರ್ಡುಗಳನ್ನು ಕೊಂಡು, ಕೆಳಗೆ ಹೆಸರು ಗೀಚಿ, ಗುರುತಿರುವವರಿಗೆಲ್ಲ ಹಂಚುವ ರೂಢಿ ನಿಜಕ್ಕೂ ಕುಗ್ಗುತ್ತಿದೆ, ಅದು ಕುಗ್ಗಿದರೆ ನಷ್ಟವೂ ಹೆಚ್ಚಿಲ್ಲ, ಆದರೆ ಆಯ್ದ ಕೆಲವರಿಗೆ ನಾಲ್ಕು ಸಾಲು ಕೈಯಾರೆ ಬರೆದು ಕಳುಹಿಸುವ ಕಾರ್ಡು ಉಳಿಯಬೇಕಾದದ್ದು, ಅದನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ಪದ್ಧತಿ ಕುಗ್ಗುತ್ತಿರುವುದಕ್ಕೆ ಕಾರಣಗಳು ಕಣ್ಣ ಮುಂದೆಯೇ ಇವೆ. ಬ್ರಿಟನ್ನಿನಲ್ಲಿ 2004–05ರ ಸುಮಾರಿಗೆ ವರ್ಷಕ್ಕೆ 2,000 ಕೋಟಿಯಷ್ಟು ಪತ್ರಗಳು ಅಂಚೆಯಲ್ಲಿ ಸಾಗುತ್ತಿದ್ದವು. ಎರಡು ದಶಕಗಳಲ್ಲಿ ಅದು 700 ಕೋಟಿಗೂ ಕೆಳಗಿಳಿಯಿತು. ಪತ್ರಗಳು ಕಡಿಮೆಯಾದಷ್ಟೂ ಒಂದೊಂದು ಪತ್ರದ ಸಾಗಾಟದ ಖರ್ಚು ಹೆಚ್ಚುತ್ತದೆ, ಖರ್ಚು ಹೆಚ್ಚಿದಷ್ಟೂ ಅಂಚೆ ಚೀಟಿಯ ಬೆಲೆ ಏರುತ್ತದೆ, ಬೆಲೆ ಏರಿದಷ್ಟೂ ಬರೆಯುವವರು ಹಿಂಜರಿಯುತ್ತಾರೆ. 2020ರಲ್ಲಿ 76 ಪೆನ್ಸ್ ಇದ್ದ, ಬೇಗ ತಲುಪುವ ಫಸ್ಟ್ ಕ್ಲಾಸ್ ಅಂಚೆಯ ಚೀಟಿ 2025ರ ಏಪ್ರಿಲ್‌ನಲ್ಲಿ 1 ಪೌಂಡ್ 70 ಪೆನ್ಸ್ ಆಯಿತು. ಅಂದರೆ ಐವತ್ತು ಕಾರ್ಡುಗಳಿಗೆ 38 ಪೌಂಡ್ ಅಂಚೆ ವೆಚ್ಚವಾಗುತ್ತಿದ್ದಲ್ಲಿ ಐದೇ ವರ್ಷಗಳಲ್ಲಿ 85 ಪೌಂಡ್ ತೆರಬೇಕಾಯಿತು. ಕಾರ್ಡಿನ ಬೆಲೆ ಇದರಲ್ಲಿ ಸೇರಿಲ್ಲ. ಡೆನ್ಮಾರ್ಕಿನಲ್ಲಿ ಪರಿಸ್ಥಿತಿ ಇನ್ನೂ ಮುಂದಕ್ಕೆ ಹೋಗಿದೆ. 1624ರಿಂದ ನಡೆದು ಬಂದ ಅಲ್ಲಿನ ಸರ್ಕಾರಿ ಅಂಚೆಯ ಪತ್ರ ಬಟವಾಡೆ 2025ರ ಡಿಸೆಂಬರ್ ಕೊನೆಗೆ ನಿಂತಿತು. ಬೀದಿಗಳಲ್ಲಿದ್ದ ಕೆಂಪು ಅಂಚೆ ಪೆಟ್ಟಿಗೆಗಳನ್ನು ಕಿತ್ತರು, ಈಗ ಪತ್ರಗಳನ್ನು ಖಾಸಗಿ ಸಂಸ್ಥೆಯೊಂದು ತಲುಪಿಸುತ್ತದೆ. ಕ್ರಿಸ್‌ಮಸ್ ಲಕೋಟೆಯ ಮೇಲೆ ಅಂಚೆ ಚೀಟಿಯ ಪಕ್ಕದಲ್ಲಿ ಹಚ್ಚುವ ಸಹಾಯಾರ್ಥ ಚೀಟಿಯನ್ನು 1904ರಲ್ಲಿ ಮೊದಲು ತಂದವನು ಅದೇ ಡೆನ್ಮಾರ್ಕಿನ ಅಂಚೆ ನೌಕರ ಐನಾರ್ ಹೋಲ್ಬೋಲ್ ಎಂಬುದನ್ನು ನೆನೆದರೆ ಮನಸ್ಸಿಗೆ ಬೇಸರವಾಗುತ್ತದೆ.

ಆದರೂ ಕಾರ್ಡಿನ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಂಡರೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದು ಸ್ಪಷ್ಟವಾಗುತ್ತದೆ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂತು. ಅರ್ಧ ಔನ್ಸಿನೊಳಗಿನ ಪತ್ರ ದೇಶದ ಯಾವ ಮೂಲೆಗಾದರೂ ಒಂದೇ ದರದಲ್ಲಿ ಹೋಗತೊಡಗಿತು, ಜನ ಧಾರಾಳವಾಗಿ ಪತ್ರ ಬರೆಯಲು ಶುರು ಮಾಡಿದರು. ಆ ಸುಧಾರಣೆಗೆ ದುಡಿದವರಲ್ಲಿ ಒಬ್ಬನಾದ ಹೆನ್ರಿ ಕೋಲ್‌ಗೆ ಹಬ್ಬದ ಹೊತ್ತಿನಲ್ಲಿ ಎಲ್ಲರ ಪತ್ರಗಳಿಗೂ ಉತ್ತರಿಸುವಷ್ಟು ಬಿಡುವಿರಲಿಲ್ಲ. ಹಾಗಾಗಿ 1843ರಲ್ಲಿ ಅವನು ಚಿತ್ರಕಾರ ಜಾನ್ ಕಾಲ್ಕಾಟ್ ಹಾರ್ಸ್‌ಲಿಯಿಂದ ಒಂದು ಚಿತ್ರ ಬರೆಸಿ, ಅಚ್ಚು ಹಾಕಿಸಿ, ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಒಂದಕ್ಕೆ ಒಂದು ಶಿಲ್ಲಿಂಗಿನಂತೆ ಮಾರಾಟಕ್ಕಿಟ್ಟನು. ನಡುವೆ ಊಟಕ್ಕೆ ಕುಳಿತ ಕುಟುಂಬ, ಎರಡು ಬದಿಗಳಲ್ಲಿ ಹಸಿದವರಿಗೆ ಅನ್ನ ಕೊಡುವ ಮತ್ತು ಬಡವರಿಗೆ ಬಟ್ಟೆ ಕೊಡುವ ದೃಶ್ಯ ಆ ಕಾರ್ಡಿನಲ್ಲಿದ್ದವು. ಮಗುವಿನ ತುಟಿಗೆ ವೈನ್ ಲೋಟ ಹಿಡಿದಂತೆ ಬರೆದದ್ದಕ್ಕೆ ಪಾನನಿರೋಧದವರು ಆಕ್ಷೇಪಿಸಿದರು. ಇಲ್ಲಿ ನಮಗೆ ಮುಖ್ಯವಾದ ಸಂಗತಿಯೆಂದರೆ, ಪತ್ರ ಬರೆಯುವ ಶ್ರಮವನ್ನು ಉಳಿಸಲೆಂದೇ ಕಾರ್ಡು ಹುಟ್ಟಿತು. ಅದಕ್ಕಿಂತಲೂ ಸುಲಭವಾದ ದಾರಿ ಇಂದು ಮೊಬೈಲಿನಲ್ಲಿರುವುದರಿಂದ ಬರಿಯ ಸಹಿ ಹಾಕಿದ ಕಾರ್ಡು ತನ್ನ ಕೆಲಸವನ್ನು ಕಳೆದುಕೊಂಡಿದೆ. ಕಾರ್ಡಿಗೆ ಇನ್ನು ಬೆಲೆಯಿರುವುದು ಅದು ಮತ್ತೆ ಪತ್ರವಾದಾಗ ಮಾತ್ರ. ಮುಂದೆ ಹೇಳುವ ಕ್ರಮಗಳೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿವೆ.

ಯಾರಿಗೆ ಕಳುಹಿಸಬೇಕು

ಮೊದಲು ಒಂದು ಪಟ್ಟಿ ಮಾಡಿ. ಕಳೆದ ವರ್ಷ ನಿಮಗೆ ಕಾರ್ಡು ಕೊಟ್ಟವರ ಹೆಸರುಗಳಿಂದ ಪಟ್ಟಿಯನ್ನು ಆರಂಭಿಸುವುದು ಇಲ್ಲಿನ ರೂಢಿ. ನಾನು ಹಾಗೆ ಮಾಡಬೇಡಿ ಎನ್ನುತ್ತೇನೆ. ಹಾಗೆ ಹೊರಟರೆ ಪಟ್ಟಿ ಲೆಕ್ಕ ತೀರಿಸುವ ಕೆಲಸವಾಗುತ್ತದೆ, ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ, ಕೊನೆಗೊಂದು ದಿನ ಬೇಸತ್ತು ಎಲ್ಲವನ್ನೂ ನಿಲ್ಲಿಸಿಬಿಡುತ್ತೀರಿ. ಅದರ ಬದಲು ಹೀಗೆ ಕೇಳಿಕೊಳ್ಳಿ: ನನ್ನ ಕೈಬರಹ ಕಂಡರೆ ಯಾರಿಗೆ ಸಂತೋಷವಾದೀತು? ಮೊಬೈಲ್ ಸಂದೇಶ ಯಾರನ್ನು ತಲುಪುವುದಿಲ್ಲ? ಒಬ್ಬರೇ ಇರುವ ವೃದ್ಧರು, ನಿವೃತ್ತರಾದ ಗುರುಗಳು, ವೃದ್ಧಾಶ್ರಮದಲ್ಲಿರುವ ಹಳೆಯ ನೆರೆಯವರು, ಈ ವರ್ಷ ಮನೆಯಲ್ಲಿ ಸಾವು ಕಂಡವರು, ಈ ದೇಶಕ್ಕೆ ಬಂದ ಹೊಸತರಲ್ಲಿ ನಿಮಗೆ ಕೈ ಹಿಡಿದು ಬಸ್ಸು, ಬ್ಯಾಂಕು, ಆಸ್ಪತ್ರೆ ತೋರಿಸಿದವರು ಪಟ್ಟಿಯ ಮೇಲ್ಭಾಗದಲ್ಲಿರಲಿ. ದಿನವೂ ವಾಟ್ಸಾಪಿನಲ್ಲಿ ಮಾತನಾಡುವ ಗೆಳೆಯರಿಗೆ ಕಾರ್ಡು ಕಳುಹಿಸದಿದ್ದರೆ ಯಾರೂ ನೊಂದುಕೊಳ್ಳುವುದಿಲ್ಲ. ಕಚೇರಿಯವರಿಗೆಲ್ಲ ಒಂದೇ ಕಾರ್ಡನ್ನು ಚಹಾ ಮಾಡುವ ಜಾಗದಲ್ಲಿ ಇಟ್ಟರೆ ಸಾಕು. ನಿಮ್ಮ ಕೈಕೆಳಗೆ ದುಡಿಯುವವರಿಗೆ ಮಾತ್ರ ಬೇರೆಬೇರೆಯಾಗಿ ಬರೆಯುವುದು ಒಳ್ಳೆಯದು.

ನಾವು ಕ್ರೈಸ್ತರಲ್ಲವಲ್ಲ ಎಂಬ ಸಂಕೋಚ ಹಲವರಲ್ಲಿದೆ. ಅದು ಬೇಡ. ಮೇಲೆ ಹೇಳಿದ ಮೊದಲ ಕಾರ್ಡಿನ ನಡುವಿನ ಚಿತ್ರವೇ ಮನೆಯ ಊಟದ್ದು. ಬ್ರಿಟನ್ನಿನಲ್ಲಿ ಯಾವ ಧರ್ಮವನ್ನೂ ಆಚರಿಸದವರೂ ಬೇರೆ ಧರ್ಮದವರೂ ಕಾರ್ಡು ಕೊಡುತ್ತಾರೆ, ಪಡೆಯುತ್ತಾರೆ. ನಮ್ಮವರಿಗೂ ಈ ಅಭ್ಯಾಸ ಹೊಸದಲ್ಲ. ಮೊಬೈಲ್ ಬರುವ ಮುನ್ನ ಕರ್ನಾಟಕದ ಊರೂರುಗಳಲ್ಲಿ ಹೊಸ ವರ್ಷಕ್ಕೂ ಸಂಕ್ರಾಂತಿಗೂ ಗ್ರೀಟಿಂಗ್ ಕಾರ್ಡುಗಳ ಅಂಗಡಿಗಳು ತುಂಬಿರುತ್ತಿದ್ದವು, ಎಳ್ಳುಬೆಲ್ಲದ ಚಿತ್ರವಿರುವ ಸಣ್ಣ ಕಾರ್ಡುಗಳು ಅಂಚೆಯಲ್ಲಿ ಬರುತ್ತಿದ್ದವು. ಮಂಗಳೂರಿನ ಕಡೆಯವರಾದರೆ ನೆನಪು ಇನ್ನೂ ಹತ್ತಿರದ್ದು: ಡಿಸೆಂಬರಿನಲ್ಲಿ ಪಕ್ಕದ ಕ್ರೈಸ್ತರ ಮನೆಯಿಂದ ಬರುತ್ತಿದ್ದ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆಯನ್ನು, ಅದರಲ್ಲಿದ್ದ ನೆವ್ರಿ, ಕಿಡಿಯೊ, ಗುಳಿಯೊಗಳನ್ನು ಮರೆಯಲು ಸಾಧ್ಯವೇ? ಆ ಮನೆಯ ಅಮ್ಮ ಇನ್ನೂ ಇದ್ದರೆ ಅವರ ಹೆಸರನ್ನು ನಿಮ್ಮ ಪಟ್ಟಿಯ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ.

ಎಂತಹ ಕಾರ್ಡು

ಈ ವಿಷಯದಲ್ಲಿ ಹೆಚ್ಚು ಯೋಚಿಸುವ ಅಗತ್ಯವಿಲ್ಲ. ಒಳಪುಟದಲ್ಲಿ ಬರೆಯಲು ಜಾಗವಿರಬೇಕು, ಕಾಗದ ಮಸಿಯನ್ನು ಹೀರಬೇಕು, ಚಮಕಿ ಪುಡಿ ಇರಬಾರದು. ಚಮಕಿಯೂ ಮಿರುಗುವ ಹಾಳೆಯೂ ಅಂಟಿದ ಕಾರ್ಡನ್ನು ಕಾಗದದೊಂದಿಗೆ ಮರುಬಳಕೆಗೆ ಹಾಕಲು ಬರುವುದಿಲ್ಲ. ಅಳತೆಯನ್ನು ಮಾತ್ರ ನೋಡಿ ಕೊಳ್ಳಿ: ಬ್ರಿಟನ್ನಿನ ಅಂಚೆ ಸಂಸ್ಥೆಯಾದ ರಾಯಲ್ ಮೇಲ್ ಸಾಮಾನ್ಯ ಪತ್ರವೆಂದು ಒಪ್ಪುವುದು 24 ಸೆಂಟಿಮೀಟರ್ ಉದ್ದ, 16.5 ಸೆಂಟಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪ ಮತ್ತು 100 ಗ್ರಾಂ ತೂಕದೊಳಗಿನ ಲಕೋಟೆಯನ್ನು. ರಿಬ್ಬನ್, ಗುಂಡಿ, ಮರದ ನಕ್ಷತ್ರ ಅಂಟಿಸಿದ ಕಾರ್ಡು ದಪ್ಪದಲ್ಲಿ ಮಿತಿ ಮೀರಿದರೆ ದೊಡ್ಡ ಪತ್ರದ ದರ ತಗಲುತ್ತದೆ. ಅಂಚೆ ಚೀಟಿ ಕಡಿಮೆ ಹಚ್ಚಿದ್ದರೆ ಅದರ ದಂಡವನ್ನು ನೀವು ಹರಸಲು ಹೊರಟವರೇ ಕೊಡಬೇಕಾಗುತ್ತದೆ.

ಸೇವಾ ಸಂಸ್ಥೆಗಳ ಕಾರ್ಡು ಕೊಳ್ಳುವುದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಯುನಿಸೆಫ್‌ನ ಮೊದಲ ಕಾರ್ಡಿನ ಕಥೆ ನನಗೆ ಬಹಳ ಪ್ರಿಯವಾದದ್ದು: ಎರಡನೇ ಮಹಾಯುದ್ಧದ ನಂತರ ಆ ಸಂಸ್ಥೆಯ ನೆರವು ಪಡೆದ ಚೆಕೊಸ್ಲೊವಾಕಿಯದ ಹಳ್ಳಿಯೊಂದರ ಏಳು ವರ್ಷದ ಬಾಲಕಿ ಯಿತ್ಕಾ ಸಮ್ಕೊವಾ ಕೃತಜ್ಞತೆಯಿಂದ ಬರೆದ, ಮಕ್ಕಳು ಕುಣಿಯುವ ಚಿತ್ರವೇ 1949ರಲ್ಲಿ ಕಾರ್ಡಾಯಿತು. ಭಾರತದಲ್ಲಿ 1979ರಲ್ಲಿ ರಿಪ್ಪನ್ ಕಪೂರ್ ಗೆಳೆಯರೊಡನೆ ಕಟ್ಟಿದ ಕ್ರೈ ಸಂಸ್ಥೆಯೂ ಗ್ರೀಟಿಂಗ್ ಕಾರ್ಡುಗಳನ್ನು ಮಾರಿಯೇ ಮಕ್ಕಳಿಗಾಗಿ ಹಣ ಕೂಡಿಸಿತು. ಆದರೆ ಅಂಗಡಿಗಳಲ್ಲಿ ಸಿಗುವ ಕೆಲವು ಪೊಟ್ಟಣಗಳ ಮೇಲೆ ಸಂಸ್ಥೆಯ ಹೆಸರು ದೊಡ್ಡದಾಗಿದ್ದರೂ ಅದಕ್ಕೆ ಸಲ್ಲುವ ಪಾಲು ಚಿಕ್ಕದಾಗಿರುತ್ತದೆ. ಪೊಟ್ಟಣದ ಹಿಂಬದಿಯಲ್ಲಿ ಬೆಲೆಯ ಎಷ್ಟು ಭಾಗ ಸಂಸ್ಥೆಗೆ ಸೇರುತ್ತದೆ ಎಂದು ಓದಿಕೊಳ್ಳಿ, ಅಥವಾ ಸಂಸ್ಥೆಯ ಸ್ವಂತ ಅಂಗಡಿಯಲ್ಲೇ ಕೊಳ್ಳಿ.

ಒಳಗೆ ಏನು ಬರೆಯಬೇಕು

ಈ ಕೈಪಿಡಿಯಲ್ಲಿ ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಇಲ್ಲಿಯೇ ಇದೆ. ಬ್ರಿಟಿಷ್ ಕಾರ್ಡಿನ ರೂಪ ಸರಳವಾದದ್ದು: ಅಚ್ಚಾದ ಶುಭಾಶಯದ ಮೇಲೆ ಪಡೆಯುವವರ ಹೆಸರು, ಕೆಳಗೆ ಕಳುಹಿಸುವವರ ಹೆಸರು. ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ನೀವು ಎಡಗಡೆಯ ಖಾಲಿ ಪುಟವನ್ನು ಬಳಸಿ. ಮೂರು ಅಥವಾ ನಾಲ್ಕು ಸಾಲು ಸಾಕು. ಆದರೆ ಆ ಸಾಲುಗಳು ಬೇರೆ ಯಾರಿಗೂ ಕಳುಹಿಸಲಾಗದಂತೆ ಆ ಒಬ್ಬರಿಗೇ ಸೇರಿದವಾಗಿರಬೇಕು. ಆ ವರ್ಷ ನಿಮ್ಮಿಬ್ಬರ ನಡುವೆ ನಡೆದ ಒಂದು ಸಂಗತಿಯನ್ನು ಹೆಸರಿಸಿ, ನಿಮ್ಮ ಮನೆಯ ಒಂದು ಸುದ್ದಿಯನ್ನು ಹೇಳಿ, ಅವರ ವಿಷಯದಲ್ಲಿ ಒಂದು ಪ್ರಶ್ನೆಯನ್ನು ಕೇಳಿ. ಪಕ್ಕದ ಮನೆಯ ವೃದ್ಧೆಗೆ ಬರೆಯುವಾಗ ನೀವು ಇಂಗ್ಲಿಷಿನಲ್ಲಿ ಬರೆದರೂ ಧಾಟಿ ಹೀಗಿರಲಿ: “ಜೂನ್‌ನಲ್ಲಿ ನಾವು ಊರಿಗೆ ಹೋಗಿದ್ದಾಗ ನಮ್ಮ ಟೊಮೆಟೊ ಗಿಡಗಳಿಗೆ ನೀವು ನೀರು ಹಾಕಿದಿರಿ. ಆ ಹಣ್ಣುಗಳಿಂದ ಮಾಡಿದ ಗೊಜ್ಜು ಈಗಲೂ ಒಂದು ಸೀಸೆ ಉಳಿದಿದೆ, ಹಬ್ಬದ ಮರುದಿನ ತಂದುಕೊಡುತ್ತೇನೆ. ನಿಮ್ಮ ಮೊಣಕಾಲು ನೋವು ಈ ಚಳಿಯಲ್ಲಿ ಹೇಗಿದೆ?” ಇಂತಹ ಕಾರ್ಡನ್ನು ಯಾರೂ ಜನವರಿಯಲ್ಲಿ ಕಸದ ಡಬ್ಬಿಗೆ ಹಾಕುವುದಿಲ್ಲ.

ನೆರೆಯವರ ಕಾರ್ಡಿನಲ್ಲಿ ನಿಮ್ಮ ಹೆಸರಿನ ಜೊತೆಗೆ ಮನೆಯ ಸಂಖ್ಯೆಯನ್ನೂ ಬರೆಯಿರಿ. ಬೀದಿಯವರು ನಿಮ್ಮ ಮುಖವನ್ನೂ ಮನೆಯ ಬಾಗಿಲನ್ನೂ ಬಲ್ಲರು. ಹೆಸರನ್ನು, ಅದರಲ್ಲೂ ಅವರಿಗೆ ಅಪರಿಚಿತವಾದ ನಮ್ಮ ಹೆಸರನ್ನು, ಬಲ್ಲವರು ಕಡಿಮೆ. ಹೆಸರಿನ ಕೆಳಗೆ “ಎದುರು ಸಾಲಿನ 14ನೇ ಮನೆ” ಎಂದು ಸೇರಿಸಿದರೆ ಅವರು ನಿಮ್ಮನ್ನು ಕರೆದು ಮಾತನಾಡಿಸಲು ಸುಲಭವಾಗುತ್ತದೆ.

ಸಾವು ಕಂಡ ಮನೆಗೆ ಬರೆಯುವಾಗ ಎರಡು ಎಚ್ಚರ ಬೇಕು. ಮೊದಲನೆಯದು ಲಕೋಟೆಯದು: ಹಳೆಯ ವಿಳಾಸ ಪಟ್ಟಿಯನ್ನು ನೋಡಿ ಬರೆಯುವವರು ಗಂಡಹೆಂಡಿರಿಬ್ಬರ ಹೆಸರನ್ನೂ ಅಭ್ಯಾಸಬಲದಿಂದ ಬರೆದುಬಿಡುತ್ತಾರೆ, ಅದು ಬಾಗಿಲಲ್ಲೇ ನೋವು ಕೊಡುತ್ತದೆ. ಎರಡನೆಯದು ಮಾತಿನದು. ಸಂಭ್ರಮದ ನುಡಿ ಅಚ್ಚಾಗಿರುವ ಕಾರ್ಡನ್ನು ಬಿಟ್ಟು ಒಳಗೆ ಖಾಲಿಯಿರುವ, ಹಿಮದ ಮರವೋ ಹಕ್ಕಿಯೋ ಇರುವ ಕಾರ್ಡನ್ನು ಆರಿಸಿ. ತೀರಿಹೋದವರ ಹೆಸರನ್ನು ತಪ್ಪಿಸದೆ ಬರೆಯಿರಿ. ದುಃಖವನ್ನು ಕೆದಕಿದಂತಾಗುತ್ತದೆಂದು ಅಂಜಿ ಎಲ್ಲರೂ ಆ ಹೆಸರನ್ನು ಎತ್ತದಿರುವಾಗ, ಅವರ ಬಗ್ಗೆ ನಿಮಗಿರುವ ಒಂದು ಒಳ್ಳೆಯ ನೆನಪನ್ನು ಒಂದೇ ಸಾಲಿನಲ್ಲಿ ಹೇಳಿದರೂ ಆ ಮನೆಯವರಿಗೆ ಸಮಾಧಾನವಾಗುತ್ತದೆ.

ವರ್ಷದ ಸುದ್ದಿಯನ್ನೆಲ್ಲ ಟೈಪು ಮಾಡಿ ಪ್ರತಿ ಕಾರ್ಡಿನೊಳಗೂ ಒಂದೊಂದು ಹಾಳೆ ಇಡುವ ಪದ್ಧತಿ ಇಲ್ಲಿದೆ. ಮಕ್ಕಳ ಅಂಕಗಳು, ಬಡ್ತಿ, ಪ್ರವಾಸಗಳ ಆ ಪಟ್ಟಿ ಓದುವವರಿಗೆ ವರದಿಯಂತೆ ಕಾಣುತ್ತದೆ. ಇದನ್ನು ನಾನು ಯಾರಿಗೂ ಸೂಚಿಸಲಾರೆ. ಊರಿಗೆ, ನಮ್ಮವರಿಗೆ ಬರೆಯುವ ಕಾರ್ಡಿನಲ್ಲಿ ಮಾತ್ರ ಕನ್ನಡವೇ ಇರಲಿ. ನಿಮ್ಮ ಮಕ್ಕಳಿಗೆ ಕನ್ನಡ ಬರೆಯಲು ಬರುವುದಾದರೆ “ಅಜ್ಜಿ, ನಾನು ಚೆನ್ನಾಗಿದ್ದೇನೆ” ಎಂಬ ಒಂದು ಸಾಲನ್ನು ಅವರಿಂದಲೇ ಬರೆಸಿ. ಅಕ್ಷರ ಸೊಟ್ಟಗಿದ್ದರೆ ತಿದ್ದಬೇಡಿ. ಮೇಷ್ಟ್ರಿಗೆ ಬರೆಯುವಾಗ “ಪೂಜ್ಯ ಗುರುಗಳಿಗೆ ನಮಸ್ಕಾರಗಳು” ಎಂದೇ ಆರಂಭಿಸಿ, ಅವರು ಕಲಿಸಿದ ಯಾವುದಾದರೂ ಒಂದು ಪಾಠವನ್ನು ಹೆಸರಿಸಿ.

ಮಕ್ಕಳ ಶಾಲೆಯ ಕಾರ್ಡುಗಳು

ಹೊಸದಾಗಿ ಬಂದ ತಂದೆತಾಯಿಗಳು ಗಾಬರಿಯಾಗುವುದು ಇಲ್ಲಿ. ಪ್ರಾಥಮಿಕ ಶಾಲೆಯ ಮಕ್ಕಳು ಡಿಸೆಂಬರಿನ ಮೊದಲ ವಾರಗಳಲ್ಲಿ ತರಗತಿಯವರಿಗೆಲ್ಲ ಪುಟ್ಟ ಕಾರ್ಡುಗಳನ್ನು ಹಂಚುತ್ತಾರೆ, ನಿಮ್ಮ ಮಗುವಿನ ಚೀಲದಲ್ಲಿ ಒಂದು ಸಂಜೆ ಹತ್ತಾರು ಲಕೋಟೆಗಳು ಕಾಣುತ್ತವೆ. ತರಗತಿಯ ಮಕ್ಕಳ ಹೆಸರುಗಳ ಪಟ್ಟಿಯನ್ನು ಶಿಕ್ಷಕರಿಂದ ಅಥವಾ ಪೋಷಕರ ವಾಟ್ಸಾಪ್ ಗುಂಪಿನಿಂದ ನವೆಂಬರಿನಲ್ಲೇ ಪಡೆಯಿರಿ, ಚಿಕ್ಕ ಕಾರ್ಡುಗಳ ಅಗ್ಗದ ಪೊಟ್ಟಣವೊಂದನ್ನು ತನ್ನಿ, ದಿನಕ್ಕೆ ಐದಾರು ಹೆಸರುಗಳಂತೆ ಮಗುವಿನಿಂದಲೇ ಬರೆಸಿ. ಒಬ್ಬರನ್ನೂ ಬಿಡಬೇಡಿ, ಇಡೀ ತರಗತಿಗೆ ಹಂಚಿ ಒಬ್ಬ ಮಗುವಿಗೆ ಕೊಡದಿದ್ದರೆ ಆ ಮಗು ಆ ನೋವನ್ನು ಮನೆಗೆ ಹೊತ್ತುಕೊಂಡು ಹೋಗುತ್ತದೆ. ಕೆಲವು ಶಾಲೆಗಳು ಕಾಗದ ಉಳಿಸಲು ತರಗತಿಗೆ ಒಂದೇ ಕಾರ್ಡು ತರುವಂತೆ ಹೇಳುತ್ತವೆ. ಆಗ ಅದನ್ನೇ ಪಾಲಿಸಿ. ಇಬ್ಬರು ಆಪ್ತ ಗೆಳೆಯರಿಗೆ ಶಾಲೆಯ ಹೊರಗೆ ಬೇರೆಯಾಗಿ ಕೊಡಿಸಿದರಾಯಿತು.

ಅಂಚೆ ಚೀಟಿ, ವಿಳಾಸ, ದಿನಾಂಕ

ನಡೆದು ಹೋಗಬಹುದಾದ ಮನೆಗಳಿಗೆ ಅಂಚೆ ಬೇಡ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಾಗಿಲ ಕಿಂಡಿಯಲ್ಲಿ ಹಾಕಿ ಬನ್ನಿ. ಒಬ್ಬರೇ ಇರುವ ಹಿರಿಯರ ಮನೆಯಾದರೆ ಕಿಂಡಿಯಲ್ಲಿ ಹಾಕುವುದಕ್ಕಿಂತ ಬಾಗಿಲು ತಟ್ಟಿ ಕೈಗೇ ಕೊಡುವುದು ಮೇಲು. ಕೆಲವು ಊರುಗಳಲ್ಲಿ ಸ್ಥಳೀಯ ಸ್ಕೌಟ್ ತಂಡಗಳು ಡಿಸೆಂಬರಿನಲ್ಲಿ ತಮ್ಮ ಸುತ್ತಮುತ್ತಲ ಪ್ರದೇಶದೊಳಗೆ ಕಡಿಮೆ ದರಕ್ಕೆ ಕಾರ್ಡುಗಳನ್ನು ತಲುಪಿಸುತ್ತವೆ. ಅಂಗಡಿಗಳಲ್ಲಿ ಅವರ ಪೆಟ್ಟಿಗೆ ಇದೆಯೇ ಎಂದು ವಿಚಾರಿಸಿ.

ಉಳಿದವಕ್ಕೆ ನಿಧಾನವಾಗಿ ತಲುಪುವ ಸೆಕೆಂಡ್ ಕ್ಲಾಸ್ ಅಂಚೆ ಸಾಕು. 2025ರ ಏಪ್ರಿಲ್ ದರದಂತೆ ಅದು 87 ಪೆನ್ಸ್ ಇತ್ತು, ಅಂದರೆ ಫಸ್ಟ್ ಕ್ಲಾಸಿನ ಅರ್ಧದಷ್ಟು. ಆದರೆ 2025ರ ಜುಲೈ 28ರಿಂದ ನಿಯಮ ಬದಲಾಗಿದೆ: ಸೆಕೆಂಡ್ ಕ್ಲಾಸ್ ಪತ್ರಗಳನ್ನು ಶನಿವಾರ ಬಿಟ್ಟು ವಾರದ ದಿನಗಳಲ್ಲಿ ದಿನ ಬಿಟ್ಟು ದಿನ ತಲುಪಿಸಲು ರಾಯಲ್ ಮೇಲ್‌ಗೆ ಅವಕಾಶ ಸಿಕ್ಕಿದೆ, ಈ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬರುತ್ತಿದೆ. ಆದ್ದರಿಂದ ಪ್ರಕಟವಾಗುವ ಕೊನೆಯ ದಿನವನ್ನು ನಂಬಿ ಕೂರದೆ ಡಿಸೆಂಬರಿನ ಮೊದಲ ವಾರದಲ್ಲೇ ಹಾಕಿಬಿಡಿ. ಹಳೆಯ ಅಂಚೆ ಚೀಟಿಗಳು ಮನೆಯಲ್ಲಿದ್ದರೆ ನೋಡಿಕೊಳ್ಳಿ: ಎಲಿಜಬೆತ್ ರಾಣಿಯ ಮುಖವಿರುವ, ಬಾರ್‌ಕೋಡ್ ಇಲ್ಲದ ಸಾಮಾನ್ಯ ಚೀಟಿಗಳು 2023ರ ಜುಲೈ 31ರ ನಂತರ ನಡೆಯುವುದಿಲ್ಲ, ಕ್ರಿಸ್‌ಮಸ್ ಚಿತ್ರಗಳಿರುವ ವಿಶೇಷ ಚೀಟಿಗಳು ಬಾರ್‌ಕೋಡ್ ಇಲ್ಲದಿದ್ದರೂ ನಡೆಯುತ್ತವೆ.

ಭಾರತಕ್ಕೆ ಹೋಗಬೇಕಾದ ಕಾರ್ಡುಗಳನ್ನು ನವೆಂಬರ್ ಮುಗಿಯುವುದರೊಳಗೆ ಹಾಕಿ. ಬರಿಯ ಕಾರ್ಡಿಗೆ ಕಸ್ಟಮ್ಸ್ ಚೀಟಿ ಬೇಕಿಲ್ಲ. ಒಳಗೆ ಕಿವಿಯೋಲೆ, ಕೀಲಿಗೊಂಚಲು, ಚಾಕೊಲೇಟು ಎಂದು ಏನಾದರೂ ಇಟ್ಟರೆ ಬೇಕಾಗುತ್ತದೆ, ತಡವೂ ಆಗುತ್ತದೆ. ಹಣವನ್ನಂತೂ ಇಡಲೇಬೇಡಿ. ಹೆಸರನ್ನೂ ಬೀದಿಯನ್ನೂ ಕನ್ನಡದಲ್ಲಿ ಬರೆಯಬಹುದು, ಊರಿನ ಅಂಚೆಯವರು ಓದುತ್ತಾರೆ. ಆದರೆ ಊರು, ಜಿಲ್ಲೆ, ರಾಜ್ಯ, ದೇಶ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿರಲಿ, ಏಕೆಂದರೆ ಇಲ್ಲಿ ಲಕೋಟೆಯನ್ನು ವಿಂಗಡಿಸುವ ಯಂತ್ರಕ್ಕೆ ಅದೇ ಬೇಕು. ಆರಂಕಿಯ ಪಿನ್‌ಕೋಡ್ ತಪ್ಪಬಾರದು. ಕರ್ನಾಟಕದ ಪಿನ್‌ಕೋಡುಗಳು 56ರಿಂದ 59ರವರೆಗಿನ ಅಂಕಿಗಳಿಂದ ಆರಂಭವಾಗುತ್ತವೆ. ನೀವು ಬರೆದದ್ದು ಬೇರೆ ಅಂಕಿಯಿಂದ ಶುರುವಾಗಿದ್ದರೆ ಇನ್ನೊಮ್ಮೆ ಕೇಳಿ ತಿಳಿದುಕೊಳ್ಳಿ. ಮನೆಯ ಗುರುತು ಕಷ್ಟವಾದ ಬಡಾವಣೆಗಳಲ್ಲಿ ವಿಳಾಸದ ಕೆಳಗೆ ಮೊಬೈಲ್ ಸಂಖ್ಯೆಯಿದ್ದರೆ ಅಂಚೆಯಣ್ಣ ಕರೆ ಮಾಡಿ ಕೇಳಬಲ್ಲರು. ಲಕೋಟೆಯ ಹಿಂಬದಿಯಲ್ಲಿ ನಿಮ್ಮ ವಿಳಾಸ ಬರೆಯಿರಿ. ಕಾರ್ಡು ಹಿಂದಕ್ಕೆ ಬಂದರೆ ಅವರು ಮನೆ ಬದಲಿಸಿದ್ದಾರೆಂದಾದರೂ ತಿಳಿಯುತ್ತದೆ.

ಬಂದ ಕಾರ್ಡುಗಳು

ಬಂದ ಕಾರ್ಡುಗಳನ್ನು ಇಲ್ಲಿನವರು ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ನಿಲ್ಲಿಸುತ್ತಾರೆ, ಇಲ್ಲವೇ ಗೋಡೆಗೆ ದಾರ ಕಟ್ಟಿ ನೇತುಹಾಕುತ್ತಾರೆ. ಜನವರಿ 5 ಅಥವಾ 6ರಂದು ತೆಗೆಯುತ್ತಾರೆ. ಹಲವು ಕಾರ್ಡುಗಳಲ್ಲಿ ಕೆಂಪೆದೆಯ ರಾಬಿನ್ ಹಕ್ಕಿ ಕಾಣುವುದಕ್ಕೆ ಅಂಚೆಯೊಂದಿಗೇ ನಂಟಿದೆ: ವಿಕ್ಟೋರಿಯಾ ರಾಣಿಯ ಕಾಲದ ಅಂಚೆಯವರ ಸಮವಸ್ತ್ರ ಕೆಂಪಾಗಿದ್ದುದರಿಂದ ಜನ ಅವರನ್ನು ಆ ಹಕ್ಕಿಯ ಹೆಸರಿನಿಂದ ಕರೆಯುತ್ತಿದ್ದರು, ಚಿತ್ರಕಾರರು ಕೊಕ್ಕಿನಲ್ಲಿ ಲಕೋಟೆ ಹಿಡಿದ ಹಕ್ಕಿಯನ್ನು ಬರೆಯತೊಡಗಿದರು. ಮಕ್ಕಳಿಗೆ ಇದನ್ನು ಹೇಳಿ, ಅವರು ಎಲ್ಲ ಕಾರ್ಡುಗಳಲ್ಲೂ ಆ ಹಕ್ಕಿಯನ್ನು ಹುಡುಕುತ್ತಾರೆ.

ನೀವು ಬರೆಯದವರಿಂದ ಕಾರ್ಡು ಬಂದರೆ ಅವಸರದಲ್ಲಿ ಒಂದನ್ನು ಗೀಚಿ ಕಳುಹಿಸಬೇಡಿ. ಜನವರಿಯಲ್ಲಿ ನಿಧಾನವಾಗಿ ಹೊಸ ವರ್ಷದ ಪತ್ರ ಬರೆಯಿರಿ. ಹಬ್ಬದ ಗದ್ದಲ ಮುಗಿದು ಮನೆ ಬಿಕೋ ಎನ್ನುವ ಆ ತಿಂಗಳಲ್ಲಿ ಪತ್ರಕ್ಕೆ ಹೆಚ್ಚು ಆದರ ಸಿಗುತ್ತದೆ. ಕಾರ್ಡುಗಳನ್ನು ತೆಗೆಯುವ ದಿನವೇ ವಿಳಾಸ ಪಟ್ಟಿಯನ್ನು ತಿದ್ದಿ: ಮನೆ ಬದಲಿಸಿದವರು, ತೀರಿಹೋದವರು, ಹುಟ್ಟಿದ ಮಕ್ಕಳ ಹೆಸರು. ಕೈಯಲ್ಲಿ ಬರೆದ ಸಾಲುಗಳಿರುವವನ್ನು ಎತ್ತಿಡಿ, ಉಳಿದವುಗಳಲ್ಲಿ ಚಮಕಿಯಿಲ್ಲದವನ್ನು ಕಾಗದದ ಮರುಬಳಕೆಗೆ ಹಾಕಿ. ಕ್ರಿಸ್‌ಮಸ್ ಕಳೆದ ವಾರದಲ್ಲಿ ಅಂಗಡಿಗಳು ಉಳಿದ ಕಾರ್ಡುಗಳನ್ನು ಬಹಳ ಅಗ್ಗವಾಗಿ ಮಾರುತ್ತವೆ, ಮುಂದಿನ ವರ್ಷಕ್ಕೆ ಆಗಲೇ ಕೊಂಡಿಡಿ. ಅಂಚೆ ಚೀಟಿಗಳ ಮೇಲೆ ಬೆಲೆಯ ಬದಲು ಕ್ಲಾಸ್ ಮಾತ್ರ ನಮೂದಾಗಿರುವುದರಿಂದ ದರ ಏರಿದ ಮೇಲೂ ಅವು ಹಾಗೆಯೇ ನಡೆಯುತ್ತವೆ. ದರ ಏರಿಕೆ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಆಗುವುದರಿಂದ ನಿಮ್ಮ ಪಟ್ಟಿಗೆ ಬೇಕಾದಷ್ಟು ಚೀಟಿಗಳನ್ನು ಮಾರ್ಚ್ ಮುಗಿಯುವ ಮುನ್ನ ತಂದಿಟ್ಟುಕೊಳ್ಳಿ.